ಡ್ರಾಯರಿನಲ್ಲಿದ್ದ ನಾಲ್ಕನೆಯ ಲೇಖನ

ಈ ಸಭೆಯ ಅಧ್ಯಕ್ಷರೇ, ಅವರ ಬಲಕ್ಕೆ ಕುಳಿತಿರುವ ಸಂಪಾದಕರೇ, ಪುಸ್ತಕದ ಮೇಲಿನ ಬಣ್ಣದ ಕಾಗದ ಬಿಚ್ಚಲು ಇಷ್ಟು ಹೊತ್ತು ಹೋರಾಡಿ ಕೊನೆಗೆ ಹಲ್ಲಿನ ಸಹಾಯ ಪಡೆದ ಮುಖ್ಯ ಅತಿಥಿಗಳೇ, ಪತ್ರಿಕೆಯ ಎಲ್ಲ ವಿಭಾಗಗಳ ಗೆಳೆಯರೇ, ಬಾಗಿಲ ಹತ್ತಿರದ ಕುರ್ಚಿಗಳನ್ನು ಮೊದಲೇ ಹಿಡಿದುಕೊಂಡಿರುವ ಜಾಣ ಸಭಿಕರೇ, ಮತ್ತು ಮೂರನೆಯ ಸಾಲಿನಿಂದ ನನಗೆ ‘ನಿಧಾನ’ ಎಂದು ಕೈಸನ್ನೆ ಮಾಡುತ್ತಿರುವ ನನ್ನ ಮಗಳೇ,

ನಾನು ಭಾಷಣಕಾರನಲ್ಲ. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತು ಬೇರೆಯವರು ಮಾತಾಡಲಿ ಎಂದು ತಂತಿ ಜೋಡಿಸಿಕೊಟ್ಟವನು. ಮೂರು ನಿಮಿಷವಾದ ಕೂಡಲೇ ಗಂಡ ಹೆಂಡತಿಯ ನಡುವೆ, ತಾಯಿ ಮಗನ ನಡುವೆ ಬಾಯಿ ಹಾಕಿ ‘ಟೈಮ್ ಓವರ್ ಪ್ಲೀಸ್’ ಎನ್ನುವುದೇ ನನ್ನ ವೃತ್ತಿಯಾಗಿತ್ತು. ಅಂಥವನ ಕೈಗೆ ಮೈಕು ಕೊಟ್ಟಿದ್ದೀರಿ. ಆಗುವ ಪರಿಣಾಮಕ್ಕೆ ಆಡಳಿತ ಮಂಡಳಿಯೇ ಹೊಣೆ.

ಇವತ್ತಿನ ಆಮಂತ್ರಣ ಪತ್ರಿಕೆಯನ್ನು ನೀವೆಲ್ಲ ನೋಡಿದ್ದೀರಿ. ದಪ್ಪ ಕಾಗದ, ಚೆನ್ನಾಗಿದೆ. ಅದರಲ್ಲಿ ನಾಲ್ಕನೆಯ ಐಟಂ ಹೀಗಿದೆ: ‘ದಿವಂಗತ ಅಂಕಣಕಾರ್ತಿಯವರ ಅಪ್ರಕಟಿತ ಕೊನೆಯ ಲೇಖನದ ಹಸ್ತಾಂತರ, ಅವರ ಪತಿಯವರಿಂದ.’ ಆ ಪತಿ ನಾನು. ಆ ಲೇಖನ ಈ ನೀಲಿ ಫೈಲಿನಲ್ಲಿದೆ. ಆರು ಪುಟ, ಒಂದೇ ಮಗ್ಗುಲಿಗೆ ಬರೆದದ್ದು. ಮಧ್ಯಾಹ್ನ ಮನೆಯ ಬೀಗ ಹಾಕಿಕೊಂಡು ಹೊರಡುವಾಗ ಇದನ್ನು ಕೊಡುತ್ತೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಸಂಪಾದಕರು ಗಾಬರಿಯಾಗಬಾರದು. ಮಾತಾಡುತ್ತ ಮಾತಾಡುತ್ತ ಗೊತ್ತಾದೀತು.

ಮೊದಲು ಅವಳನ್ನು ನಾನು ಕಂಡದ್ದು ಎಲ್ಲಿ ಎಂದು ಹೇಳಿಬಿಡುತ್ತೇನೆ. ಮಗಳು ಬೇಡ ಎಂದಿದ್ದಾಳೆ, ಆದರೂ ಹೇಳುತ್ತೇನೆ.

ಆಗ ನಾನು ವಿದೇಶ ಕರೆಗಳ ಬುಕಿಂಗ್ ಕೌಂಟರಿನಲ್ಲಿದ್ದೆ. ಗಾಜಿನಲ್ಲಿ ಒಂದು ಅರ್ಧಚಂದ್ರದ ಕಿಂಡಿ. ಜನರ ಮುಖ ಕಾಣುತ್ತಿರಲಿಲ್ಲ, ಬಗ್ಗಿದರೆ ಮಾತ್ರ ಕಾಣುತ್ತಿತ್ತು. ಒಂದು ಕೈ ಬಂದು ಚೀಟಿ ಇಟ್ಟಿತು. ಬೆರಳ ತುಂಬ ಶಾಯಿ. ಚೀಟಿಯಲ್ಲಿದ್ದ ಊರಿನ ಹೆಸರನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

“ಇಂಥ ಊರಿಗೆ ಯಾರೂ ಫೋನ್ ಮಾಡಲ್ಲ ಮೇಡಂ,” ಎಂದೆ.

“ಅದಕ್ಕೇ ನಾನು ಮಾಡ್ತಿರೋದು,” ಎಂದಿತು ಕಿಂಡಿಯ ಆಚೆಯ ದನಿ.

ನಾನು ಬಗ್ಗಿದೆ. ಅಷ್ಟೇ. ಉಳಿದದ್ದು ನೀವು ಊಹಿಸಿಕೊಳ್ಳಬಲ್ಲಿರಿ.

ಲೈನ್ ಸರಿಯಾಗಿ ಸಿಕ್ಕಿದೆಯೇ ಎಂದು ಮೊದಲ ಅರ್ಧ ನಿಮಿಷ ಕೇಳಿಸಿಕೊಳ್ಳುವುದು ಆಪರೇಟರ್ ಕರ್ತವ್ಯ. ನಾನು ಕರ್ತವ್ಯವನ್ನು ಸ್ವಲ್ಪ ಉದ್ದ ಮಾಡಿದೆ. ನಿವೃತ್ತನಾಗಿ ಬಹಳ ಕಾಲವಾಯಿತು, ಇನ್ನು ಮೆಮೋ ಕೊಡುವವರಿಲ್ಲ, ಒಪ್ಪಿಕೊಳ್ಳುತ್ತೇನೆ. ಪ್ರತಿ ಸಲವೂ ಅವಳು ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: ‘ಈಸ್ ಇಟ್ ಸ್ಟಿಲ್ ಸೋ?’ ಈಗಲೂ ಹಾಗೇ ಇದೆಯಾ? ನಾನು ಬಿ.ಎ. ಎರಡನೆಯ ವರ್ಷದಲ್ಲಿ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ದಾಟಿದವನು. ಆದರೆ ಇಷ್ಟು ಅರ್ಥವಾಗುತ್ತಿತ್ತು. ನನ್ನ ಇಂಟರ್‌ಪ್ರಿಟೇಷನ್ ಏನೆಂದರೆ, ಇವಳಿಗೆ ಆ ದೇಶದಲ್ಲಿ ಯಾರೋ ಒಬ್ಬ ಪ್ರಿಯಕರನಿದ್ದಾನೆ. ಅವನ ಮನಸ್ಸು ಬದಲಾಗಿದೆಯೇ ಎಂದು ಮಧ್ಯವರ್ತಿಯನ್ನು ಕೇಳುತ್ತಿದ್ದಾಳೆ. ಪಾಪ, ಪ್ರತಿ ಸಲವೂ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾಳೆ.

ನಾಲ್ಕು ತಿಂಗಳ ನಂತರ ಧೈರ್ಯ ಮಾಡಿ ಕೇಳಿದೆ. ಅದು ಒಂದು ಬಾವಿ. ಸಮುದ್ರದ ನೀರು ನುಗ್ಗಿ ಉಪ್ಪಾದ ಬಾವಿ. ಆ ಹಳ್ಳಿಯ ಬೆಸ್ತರ ಹೆಂಗಸರು ಅದನ್ನೇ ಕುಡಿಯುತ್ತಿದ್ದರು. ಸಭಿಕರೇ, ಒಬ್ಬ ಮನುಷ್ಯ ನಾಲ್ಕು ತಿಂಗಳು ಉಪ್ಪುನೀರಿನ ಬಾವಿಯ ಮೇಲೆ ಹೊಟ್ಟೆಕಿಚ್ಚುಪಟ್ಟದ್ದನ್ನು ನೀವು ಬೇರೆಲ್ಲಾದರೂ ಕೇಳಿದ್ದೀರಾ?

ಇವತ್ತಿನ ಪುಸ್ತಕದಲ್ಲಿರುವ ಅವಳ ಅಂಕಣದ ಹೆಸರು ‘ಪಕ್ಕದ ಮನೆ’. ಮೂವತ್ತೊಂದು ವರ್ಷ, ಪ್ರತಿ ಭಾನುವಾರ. ಅದರಲ್ಲಿ ಬರುತ್ತಿದ್ದದ್ದು ನಮ್ಮಲ್ಲಿ ಯಾರೂ ಹೋಗದ ಊರುಗಳ ಹಸಿವು, ಜೈಲು, ನೀರು, ಗಣಿ, ಬಾಗಿಲು ಮುಚ್ಚಿದ ಶಾಲೆ. ಆದರೆ ನಮ್ಮ ನಿಜವಾದ ಪಕ್ಕದ ಮನೆಯಾಕೆಗೆ ಯಾರೋ ಅರ್ಧ ಸುದ್ದಿ ಮುಟ್ಟಿಸಿದ್ದರು. ಒಂದು ಭಾನುವಾರ ಬೆಳಿಗ್ಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನಿಂತರು. “ನಮ್ಮನೆ ವಿಷ್ಯ ಪೇಪರಲ್ಲಿ ಹಾಕ್ತೀರಂತೆ? ನನ್ ಗಂಡ ಕುಡಿಯೋದು ನಿಮಗ್ಯಾಕ್ರೀ?” ಅವರ ಗಂಡ ಕುಡಿಯುತ್ತಾರೆಂಬುದು ನಮಗೆ ಗೊತ್ತಾದದ್ದೇ ಆಗ. ಇವಳು ಅವರನ್ನು ಕೂರಿಸಿ, ಚಹಾ ಕೊಟ್ಟು, ಒಂದು ಗಂಟೆ ಮಾತಾಡಿಸಿದಳು. ನಾನು ಒಳಗಿನಿಂದ ಕೇಳುತ್ತಿದ್ದೆ. ಕೊನೆಗೆ ಅದೇ ಪ್ರಶ್ನೆ. “ಈಗಲೂ ಹಾಗೇ ಇದೆಯಾ?” ಆಮೇಲೆ ಪ್ರತಿ ಮೂರು ತಿಂಗಳಿಗೊಮ್ಮೆ ಕಾಂಪೌಂಡಿನ ಗೋಡೆಯ ಮೇಲಿನಿಂದ ಆ ಪ್ರಶ್ನೆ ಹೋಗುತ್ತಿತ್ತು.

ನನಗೆ ಮಾತ್ರ ಆ ಪ್ರಶ್ನೆ ಬರಲಿಲ್ಲ. ಒಂದು ಸಲ ಜಗಳವನ್ನೂ ಮಾಡಿದೆ. “ಲೋಕದ ಎಲ್ಲರ ಕಷ್ಟ ಕೇಳ್ತೀಯ, ನನ್ನೊಬ್ಬನ್ನ ಬಿಟ್ಟು.”

“ನಿಮಗೇನಾಗಿದೆ ಕಣ್ರೀ? ಹಲ್ಲು ಗಟ್ಟಿಯಿದೆ, ಛತ್ರಿಯಿದೆ, ಬೈಯೋಕೆ ಹೆಂಡ್ತಿ ಇದಾಳೆ. ನೀವು ನನ್ನ ಕಾಲಮ್ಮಿಗೆ ಅರ್ಹರಲ್ಲ.”

ನಕ್ಕೆ. ಆದರೆ ಮೇಲ್ನೋಟಕ್ಕೆ ನಕ್ಕೆ. ಒಳಗೆ ನನಗೆ ಆ ಬಡವರ ಮೇಲೆ ಒಂದು ಚೂರು ಅಸೂಯೆ ಇತ್ತು. ಇದನ್ನು ಇಲ್ಲಿ ಹೇಳಬೇಕೆಂದುಕೊಂಡಿರಲಿಲ್ಲ. ಬಾಯಿಗೆ ಬಂತು.

ವಿಷಯಕ್ಕೆ ಬರುತ್ತೇನೆ. ಪತ್ರಿಕೆಯವರಿಗೆ ಇದು ಗೊತ್ತಿದೆ, ಉಳಿದವರಿಗಾಗಿ ಹೇಳುತ್ತೇನೆ. ವಾರದ ಅಂಕಣ ಬರೆಯುವವರು ಕೆಲವು ಲೇಖನಗಳನ್ನು ಮುಂಚಿತವಾಗಿ ಬರೆದಿಡುತ್ತಾರೆ. ಜ್ವರ ಬಂದರೆ, ಮಗಳ ಪರೀಕ್ಷೆ ಇದ್ದರೆ, ಆ ಭಾನುವಾರಕ್ಕೆ ಅದು ಹೋಗುತ್ತದೆ. ಕಚೇರಿಯಲ್ಲಿ ಅದಕ್ಕೆ ‘ಸ್ಟಾಕ್’ ಎನ್ನುತ್ತಾರೆ. ಅವಳು ‘ಮೀಸಲು’ ಎನ್ನುತ್ತಿದ್ದಳು. ಯಾವಾಗಲೂ ನಾಲ್ಕು ಇರುತ್ತಿದ್ದವು, ಅವಳ ಮೇಜಿನ ಕೆಳಗಿನ ಡ್ರಾಯರಿನಲ್ಲಿ. ಒಂದು ಹೋದರೆ ಹೊಸದೊಂದು ಬಂದು ಅಡಿಗೆ ಸೇರುತ್ತಿತ್ತು.

ಮೀಸಲಿಗೆ ಅವಳು ಎರಡು ನಿಯಮ ಮಾಡಿಕೊಂಡಿದ್ದಳು. ಒಂದು, ಯಾವ ಲೇಖನವೂ ಡ್ರಾಯರಿನಲ್ಲಿ ಒಂದು ವರ್ಷ ದಾಟಬಾರದು. ಇನ್ನೊಂದು, ಮೂರು ತಿಂಗಳಿಗೊಮ್ಮೆ ಆ ಊರಿಗೆ ಫೋನ್ ಮಾಡಿ ವಿಚಾರಿಸಬೇಕು. ಮೊದಲ ಪುಟದ ಮೇಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಖು ಹಾಕಿ ಬರೆಯುತ್ತಿದ್ದಳು: ‘ಕೇಳಿದೆ. ಹಾಗೇ ಇದೆ.’ ನಾನು ಗೇಲಿ ಮಾಡುತ್ತಿದ್ದೆ. “ಹಸಿವಿನ ಲೇಖನ ಎಲ್ಲಿ ಹಳಸತ್ತೆ ಮಾರಾಯ್ತಿ? ಹತ್ತು ವರ್ಷ ಇಟ್ಟರೂ ಫ್ರೆಶ್ಶಾಗಿರತ್ತೆ.” ಅವಳು ತಲೆಯೆತ್ತದೆ, “ಹಳಸಲಿ ಅಂತಾನೇ ಕಾಯ್ತಿರೋದು,” ಎನ್ನುತ್ತಿದ್ದಳು.

ಒಂದೇ ಒಂದು ಸಲ ಹಳಸಿತು. ನನ್ನ ಸವತಿಯ ಹಾಗಿದ್ದ ಅದೇ ಬಾವಿ. ಅದರ ಬಗ್ಗೆ ಎರಡು ಸಲ ಅಚ್ಚಾಗಿತ್ತು, ಮೂರನೆಯದು ಮೀಸಲಿನಲ್ಲಿತ್ತು. ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಎಕ್ಸ್‌ಚೇಂಜಿಗೆ ಓಡಿ ಬಂದಳು. ಕಿಂಡಿಯೊಳಗೆ ಕೈ ತೂರಿಸಿ ನನ್ನ ಅಂಗಿಯ ತೋಳು ಎಳೆದಳು. “ನೀರು ಬಂತಂತೆ ಕಣ್ರೀ! ಪೈಪ್ ಹಾಕಿದಾರಂತೆ! ಸಿಹಿನೀರು!” ಆ ಐದು ಪುಟಗಳನ್ನು ಕೌಂಟರಿನ ಮುಂದೆಯೇ ಹರಿದಳು. ಸಾಲಿನಲ್ಲಿ ನಿಂತ ಜನ ಯಾವುದೋ ಪ್ರೇಮಪತ್ರ ಇರಬೇಕೆಂದುಕೊಂಡರು. ನಾನು ಅರ್ಧ ದಿನ ರಜೆ ಹಾಕಿದೆ. ಮ್ಯಾಟಿನಿಗೆ ಹೋದೆವು. ಸಿನಿಮಾ ಯಾವುದು ಎಂದು ನೆನಪಿಲ್ಲ, ಅವಳು ಸಿನಿಮಾದ ದುಃಖದ ಜಾಗಗಳಲ್ಲೆಲ್ಲ ನಗುತ್ತಿದ್ದುದು ನೆನಪಿದೆ. ಮುಂದಿನ ಸೀಟಿನವರು ತಿರುಗಿ ಬೈದರು.

ಆ ಮಧ್ಯಾಹ್ನವನ್ನು ನನಗೆ ಯಾರಾದರೂ ಎಕ್ಸ್‌ಟೆಂಡ್ ಮಾಡಿಕೊಡುತ್ತಾರೆಯೇ? ಇನ್ನು ಮೂರೇ ನಿಮಿಷ ಸಾಕು.

ಕ್ಷಮಿಸಿ. ನೀರು ಕುಡಿಯುತ್ತೇನೆ.

ಆಸ್ಪತ್ರೆಗೆ ಸೇರಿಸಿದ ದಿನ ಡ್ರಾಯರಿನಲ್ಲಿ ನಾಲ್ಕು ಇದ್ದವು. “ವಾರಕ್ಕೊಂದು ಕೊಡಿ. ಕೊಡೋ ಮುಂಚೆ ಕೇಳಿ,” ಎಂದಳು. ನನಗೆ ಹೇಳಿದ ಕೊನೆಯ ಮಾತು ಅದೇನಲ್ಲ. ಕೊನೆಯದು ಗ್ಯಾಸ್ ಸಿಲಿಂಡರಿನ ವಿಷಯ. ಒಂಬತ್ತನೆಯ ದಿನ ಹೋದಳು.

ಮೊದಲ ಮೂರನ್ನು ಕೊಟ್ಟೆ. ಡೆಸ್ಕಿನಲ್ಲಿರುವ ಉಪಸಂಪಾದಕಿ, ಅಲ್ಲಿ ಕುಳಿತಿದ್ದಾರೆ ನೋಡಿ, ಅವರೇ ಫೋನ್ ಮಾಡಿ ವಿಚಾರಿಸಿದರು. ಮೂರು ಭಾನುವಾರ ಅಚ್ಚಾಯಿತು. ಸಭಿಕರೇ, ಆ ಮೂರು ಭಾನುವಾರಗಳನ್ನು ಹೇಗೆ ವಿವರಿಸಲಿ? ಬಾಗಿಲ ಬಳಿ ಪತ್ರಿಕೆ ಬಿದ್ದ ಸದ್ದಿಗೆ ಎದ್ದು ಹೋಗುತ್ತಿದ್ದೆ. ಒಂಬತ್ತನೆಯ ಪುಟ. ನಾನು ಹಿಂದೆಂದೂ ಕೇಳಿರದ ವಾಕ್ಯಗಳು, ಅವಳ ದನಿಯಲ್ಲಿ. ಸತ್ತವರು ಹಳೆಯ ಮಾತನ್ನೇ ಮತ್ತೆ ಮತ್ತೆ ಆಡುತ್ತಾರೆ, ನೆನಪೆಂದರೆ ಅಷ್ಟೇ ತಾನೇ? ಇವಳು ಮಾತ್ರ ನನ್ನೊಡನೆ ಹೊಸ ಮಾತಾಡುತ್ತಿದ್ದಳು. ಮೂರನೆಯ ಭಾನುವಾರ ಓದಿ ಮುಗಿಸಿದಾಗ ಹೊಳೆಯಿತು, ಇನ್ನು ಒಂದೇ ಒಂದು ಇದೆ.

ನಾಲ್ಕನೆಯದನ್ನು ನಾನು ಓದಲಿಲ್ಲ. ಮಡಿಸಿ, ಈ ಫೈಲಿನಲ್ಲಿಟ್ಟು, ಡ್ರಾಯರು ಮುಚ್ಚಿದೆ.

ಉಪಸಂಪಾದಕಿ ಫೋನ್ ಮಾಡಿದರು. “ಅಂಕಲ್, ನಾಲ್ಕನೇದು ಕಳಿಸ್ತೀರಾ? ನಾನೇ ಕೇಳಿ ಕನ್‌ಫರ್ಮ್ ಮಾಡ್ತೀನಿ.”

“ಬೇಡಮ್ಮ. ನಾನು ಎಕ್ಸ್‌ಚೇಂಜಿನವನು. ನಾನೇ ಮಾಡ್ತೀನಿ.”

ಒಂದು ತಿಂಗಳಾದ ಮೇಲೆ ಸಂಪಾದಕರು ಮಾಡಿದರು. “ಲೈನ್ ಸಿಗ್ತಿಲ್ಲ ಸಾರ್,” ಎಂದೆ. ಆರು ತಿಂಗಳಾದ ಮೇಲೆ ಮತ್ತೆ ಮಾಡಿದರು. “ಆ ಭಾಗದಲ್ಲಿ ಲೈನ್ ಬಹಳ ಪುವರ್ ಸಾರ್.” ವರ್ಷ ಕಳೆಯಿತು. “ಟ್ರೈ ಮಾಡ್ತಾನೇ ಇದೀನಿ.” ಈ ಕಾಲದಲ್ಲಿ ಎರಡು ವರ್ಷ ಲೈನ್ ಸಿಗದ ಊರು ಈ ಭೂಮಿಯ ಮೇಲೆ ಯಾವುದಿದೆ? ದನ ಕಾಯುವವನ ಜೇಬಿನಲ್ಲೂ ಫೋನಿದೆ. ಆದರೂ ಸಂಪಾದಕರು ನಂಬಿದರು. ಯಾಕೆ? ಮೂವತ್ತನಾಲ್ಕು ವರ್ಷ ತಂತಿ ಜೋಡಿಸಿದವನು ಹೇಳುತ್ತಿದ್ದಾನಲ್ಲ, ಎಂದು. ಸಾರ್, ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ. ನಾನು ಒಂದು ಸಲವೂ ಡಯಲ್ ಮಾಡಿರಲಿಲ್ಲ.

ಯಾಕೆ ಮಾಡಲಿಲ್ಲ? ‘ಹಾಗೇ ಇದೆ’ ಎಂದರೆ ಕೊಡಬೇಕು, ಅಚ್ಚಾಗಿ ಮುಗಿಯುತ್ತದೆ. ‘ಸರಿಹೋಗಿದೆ’ ಎಂದರೆ ಹರಿಯಬೇಕು, ಆಗಲೂ ಮುಗಿಯುತ್ತದೆ. ಕೇಳದೆ ಇದ್ದರೆ ಡ್ರಾಯರಿನಲ್ಲಿ ಅವಳು ಇನ್ನೂ ಏನೋ ಹೇಳುವುದಿದೆ ಎಂಬಂತೆ ಇರುತ್ತಾಳೆ. ಸಂಜೆ ನಾಲ್ಕಕ್ಕೆ ಚಹಾ ಮಾಡಿಕೊಂಡು ಆ ಮೇಜಿನ ಬಳಿ ಕೂರುತ್ತಿದ್ದೆ. ಡ್ರಾಯರು ತೆಗೆಯುತ್ತಿರಲಿಲ್ಲ. ಮಂಡಿ ತಾಗಿಸಿಕೊಂಡು ಕೂರುತ್ತಿದ್ದೆ, ಅಷ್ಟೇ. ಮನೆಯಲ್ಲಿ ಒಬ್ಬರು ಮಾತಾಡಲು ಬಾಯಿ ತೆರೆದಿದ್ದಾರೆ, ಇನ್ನೂ ಮಾತು ಬಂದಿಲ್ಲ, ಅಂಥ ಒಂದು ಹೊತ್ತು. ಅದನ್ನು ನಾನು ಎರಡು ವರ್ಷ ಹಿಗ್ಗಿಸಿದೆ.

ಕಳೆದ ತಿಂಗಳು ಆಮಂತ್ರಣ ಪತ್ರಿಕೆಯ ಕರಡು ಬಂತು. ಮಗಳು ಊಟಕ್ಕೆ ಬಂದವಳು ಓದಿದಳು.

“ಅಪ್ಪಾ, ಇದನ್ನ ಯಾರ ಕಾಗದ ಅಂತ ಇಟ್ಕೊಂಡಿದೀಯ?”

“ನಿಮ್ಮಮ್ಮನದು.”

“ಅಮ್ಮ ಬರೆದಿರೋದು ಯಾರ ವಿಷಯ?”

“ಗೊತ್ತಿಲ್ಲ. ಓದಿಲ್ಲ.”

ತಟ್ಟೆಯಲ್ಲೇ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ತಾಯಿಯ ನೋಟ ಅದು. “ಎರಡು ವರ್ಷದಿಂದ ಯಾರನ್ನೋ ಒಳಗಿಟ್ಟು ಬೀಗ ಹಾಕಿದೀಯ. ಯಾರು ಅಂತಾದ್ರೂ ನೋಡು,” ಎಂದು ಹೇಳಿ ಮಜ್ಜಿಗೆ ಕುಡಿಯದೆ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೇಜಿನ ಮುಂದೆ ಕುಳಿತು ಓದಿದೆ. ಅದು ಒಂದು ಹೆರಿಗೆ ಆಸ್ಪತ್ರೆಯ ವಿಷಯ. ದೂರದ ಬೆಟ್ಟದ ಬುಡದಲ್ಲಿ ಕಟ್ಟಿದ್ದಾರೆ. ಮೂವರು ಮಂತ್ರಿಗಳು ಮೂರು ಸಲ ಉದ್ಘಾಟನೆ ಮಾಡಿದ್ದಾರೆ, ಪ್ರತಿ ಸಲವೂ ಹೊಸ ಬಣ್ಣ ಬಳಿದಿದ್ದಾರೆ. ಬಾಗಿಲು ಮಾತ್ರ ತೆರೆದಿಲ್ಲ. ಡಾಕ್ಟರಿಲ್ಲ, ಡಾಕ್ಟರಿಲ್ಲದೆ ಕೀಲಿಕೈ ಕೊಡುವ ಹಾಗಿಲ್ಲ. ಆ ಊರಿನ ಸೂಲಗಿತ್ತಿ, ಜಗುಲಿಯ ಮೇಲೆ ಸೂರಾದರೂ ಇದೆಯಲ್ಲ ಎಂದು, ಬೀಗ ಹಾಕಿದ ಬಾಗಿಲ ಮುಂದೆಯೇ ಹೆರಿಗೆ ಮಾಡಿಸುತ್ತಾಳೆ. ಹುಟ್ಟಿದ ಮಕ್ಕಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಾಳೆ. ನನ್ನ ಹೆಂಡತಿ ಕೊನೆಯ ಸಲ ಕೇಳಿ ಬರೆದಾಗ ಲೆಕ್ಕ ನೂರ ಹದಿನೇಳು.

ಒಂದು ಮಾತು ಹೇಳಬೇಕು. ಆ ಆರು ಪುಟಗಳಲ್ಲಿ ನನ್ನ ವಿಷಯ ಏನಾದರೂ ಇದೆಯೇ ಎಂದು ಹುಡುಕಿದೆ. ಎರಡು ವರ್ಷ ಕಾದದ್ದು ಅದಕ್ಕೇ ಇರಬೇಕು. ಅಂಚಿನಲ್ಲಿ, ಹಿಂಬದಿಯಲ್ಲಿ, ಬೆಳಕಿಗೆ ಹಿಡಿದು. ಒಂದಕ್ಷರವೂ ಇರಲಿಲ್ಲ. ಸೂಲಗಿತ್ತಿ ಇದ್ದಳು, ಬೀಗ ಇತ್ತು, ಮಕ್ಕಳಿದ್ದವು. ಮೂಲೆಯಲ್ಲಿ ಪೆನ್ಸಿಲಿನ ಎರಡು ತಾರೀಖುಗಳು, ಕೆಳಗೆ ಒಂದು ಫೋನ್ ನಂಬರು.

ಡಯಲ್ ಮಾಡಿದೆ. ಎರಡನೆಯ ರಿಂಗಿಗೇ ಆ ಸೂಲಗಿತ್ತಿಯೇ ಎತ್ತಿದಳು.

ನನ್ನ ಕಾಲೇಜಿನ ಇಂಗ್ಲಿಷಿನಲ್ಲಿ ಉಳಿದಿರುವುದೆಲ್ಲ ಅರ್ಜಿಯ ಇಂಗ್ಲಿಷ್. “ಹಲೋ, ಐ ಬೆಗ್ ಟು ಸ್ಟೇಟ್ ದಟ್ ಐ ಆಮ್ ದ ಹಸ್ಬೆಂಡ್,” ಎಂದೆ. ಯಾರ ಹಸ್ಬೆಂಡ್ ಎಂದು ಆಕೆ ಕೇಳಲಿಲ್ಲ. ಆಕೆಯ ಇಂಗ್ಲಿಷೂ ನನ್ನಷ್ಟೇ. “ಮೇಡಂ ಈಸ್ ಡೆಡ್?” ಎಂದಳು. “ಯೆಸ್. ಟೂ ಇಯರ್ಸ್,” ಎಂದೆ. “ಐ ಥಾಟ್. ಎವ್ರಿ ತ್ರೀ ಮಂತ್ಸ್ ಶಿ ಕಾಲ್ಸ್. ದೆನ್ ನೋ ಕಾಲ್. ಐ ವೇಟ್. ನೋ ಕಾಲ್.”

ಅಲ್ಲೊಬ್ಬಳು ಹೆಂಗಸು, ಮುಖ ನೋಡಿರದ ಹೆಂಗಸು, ನನ್ನ ಹಾಗೆಯೇ ಕಾದಿದ್ದಳು. ಅವಳು ಕಾಯುತ್ತಿದ್ದದ್ದೂ ಅದೇ ದನಿಗೆ. ನನ್ನ ಹತ್ತಿರವಾದರೂ ಡ್ರಾಯರು ಇತ್ತು.

ಕೊನೆಗೆ ನಾನೂ ಕೇಳಿದೆ. “ಈಸ್ ಇಟ್ ಸ್ಟಿಲ್ ಸೋ?”

“ವೇಟ್ ಸರ್, ಐ ಶೋ ಯು.” ಫೋನಿನಲ್ಲಿ ಹೇಗಪ್ಪ ತೋರಿಸುತ್ತಾಳೆ ಎಂದುಕೊಂಡೆ. ನಡೆಯುವ ಸದ್ದು ಬಂತು. ಮೆಟ್ಟಿಲು ಹತ್ತಿದಳು, ಏದುಸಿರು. ಆಮೇಲೆ ಖಣ್, ಖಣ್, ಖಣ್. ಬೀಗ ಹಿಡಿದು ಬಾಗಿಲಿಗೆ ಬಡಿಯುತ್ತಿದ್ದಳು. “ಮೇಡಂ ಆಲ್ವೇಸ್ ಆಸ್ಕ್ ದಿಸ್. ಯು ಹಿಯರ್?” ಕೇಳಿಸಿತು ಎಂದೆ.

“ಹೌ ಮೆನಿ ನೌ?” ಎಂದು ಕೇಳಿದೆ. ಹಾಳೆ ತಿರುವುವ ಸದ್ದು. ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೇಳಿಸಿಕೊಂಡೆ, ನಮ್ಮ ಎಕ್ಸ್‌ಚೇಂಜಿನ ಪದ್ಧತಿ. ಟೂ. ಜೀರೋ. ತ್ರೀ. ರಿಪೀಟ್ ಪ್ಲೀಸ್. ಟೂ, ಜೀರೋ, ತ್ರೀ. ಇನ್ನೂರ ಮೂರು.

“ಆಲ್ ಆರ್ ವೆಲ್?” ಎಂದೆ. ಅರ್ಜಿಯ ಕೊನೆಗೆ ಬರೆಯುವ ಹಾಗೆ.

“ದಟ್ ಈಸ್ ಅನದರ್ ನೋಟ್‌ಬುಕ್, ಸರ್.”

ಸಭಿಕರೇ, ನಾನು ಲೆಕ್ಕದಲ್ಲಿ ಜಾಣನಲ್ಲ. ಆದರೆ ಇನ್ನೂರ ಮೂರರಲ್ಲಿ ನೂರ ಹದಿನೇಳನ್ನು ಕಳೆಯಲು ಬರುತ್ತದೆ. ಎಂಬತ್ತಾರು. ಇವರು ಹೆಚ್ಚುಕಡಿಮೆ ಎಲ್ಲರೂ ನಾನು ಡ್ರಾಯರು ಮುಚ್ಚಿದ ಮೇಲೆ ಆ ಜಗುಲಿಯ ಮೇಲೆ ಹುಟ್ಟಿದವರು. ಅಂಕಣ ಅಚ್ಚಾಗಿದ್ದರೆ ಬೀಗ ತೆಗೆಯುತ್ತಿದ್ದರೇ? ಗೊತ್ತಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಬಾವಿಗೆ ನೀರು ಬಂದಿತ್ತು, ಅಷ್ಟೇ ನನಗೆ ಗೊತ್ತಿರುವುದು. ಆದರೆ ತೆಗೆಯುತ್ತಿರಲಿಲ್ಲ ಎಂದು ನಾನು ಹೇಳಬಲ್ಲೆನೇ? ಆ ಮಾತು ಹೇಳುವ ಹಕ್ಕು ನನಗಿದೆಯೇ?

ಕೊನೆಗೆ ಆಕೆ ಕೇಳಿದಳು, “ಇಟ್ ಕಮ್ಸ್ ಇನ್ ಪೇಪರ್, ಸರ್? ಮೇಡಂ ಸೇಡ್ ಇಟ್ ಕಮ್ಸ್.” ಬರುತ್ತದೆ ಎಂದೆ. ಎರಡು ವರ್ಷ ಅದು ಎಲ್ಲಿತ್ತು ಎಂದು ಆಕೆಗೆ ಹೇಳಲಿಲ್ಲ. ಬಾಯಿ ಬರಲಿಲ್ಲ. ಆಕೆ ನಮ್ಮ ಭಾಷೆ ಓದಲಾರಳು. ಆದರೂ ಒಂದು ಪ್ರತಿ ಬೇಕಂತೆ, ಮಂತ್ರಿಗಳ ಹೆಸರಿನ ಕಲ್ಲುಗಳ ಪಕ್ಕದಲ್ಲಿ ಅಂಟಿಸುತ್ತಾಳಂತೆ.

ಈಗ ಸಣ್ಣ ತೊಂದರೆಯೊಂದಿದೆ. ಈ ಪತ್ರಿಕೆಯ ನಿಯಮದ ಪ್ರಕಾರ ವಿಚಾರಿಸಿದವರೇ ಅಂಕಿ ತಿದ್ದಿ ಸಹಿ ಹಾಕಬೇಕು. ನಾಲ್ಕನೆಯ ಪುಟ, ಎರಡನೆಯ ಪ್ಯಾರಾ, ‘ನೂರ ಹದಿನೇಳು’. ಮೂರು ವಾರದಿಂದ ಪೆನ್ನು ಹಿಡಿದು ಕೂರುತ್ತೇನೆ, ಏಳುತ್ತೇನೆ. ಅವಳ ಅಕ್ಷರದ ಮೇಲೆ ನಾನು ಇವತ್ತಿನವರೆಗೆ ಗೆರೆ ಎಳೆದವನಲ್ಲ. ದಿನಸಿ ಚೀಟಿಯ ಮೇಲೂ ಎಳೆದಿಲ್ಲ.

ಸಂಪಾದಕರೇ, ನಿಮ್ಮ ಪೆನ್ನು ಕೊಡಿ. ಸಾರ್, ಅದಲ್ಲ, ಕೆಂಪು ಇದ್ದರೆ ಕೊಡಿ.

ಒಂದು ನಿಮಿಷ. ಮೈಕು ಸ್ವಲ್ಪ ಆ ಕಡೆ ಹಿಡಿಯಿರಪ್ಪ.

ಆಯಿತು. ಗೆರೆ ಸ್ವಲ್ಪ ಸೊಟ್ಟಗಾಗಿದೆ, ಅಚ್ಚಿನಲ್ಲಿ ಕಾಣುವುದಿಲ್ಲ. ಮೇಲೆ ಇನ್ನೂರ ಮೂರು ಎಂದು ಬರೆದು ಸಹಿ ಹಾಕಿದ್ದೇನೆ. ಇವತ್ತಿನ ತಾರೀಖು ಹಾಕಬೇಕೆಂದುಕೊಂಡೆ. ಸುಳ್ಳಾಗುತ್ತದೆ, ಫೋನ್ ಮಾಡಿದ ದಿನದ ತಾರೀಖನ್ನೇ ಹಾಕಿದ್ದೇನೆ. ಆ ದಿನದಿಂದ ಇವತ್ತಿಗೆ ಮೂರು ವಾರ. ಉಪಸಂಪಾದಕಿಯವರೇ, ನಂಬರು ಮೂಲೆಯಲ್ಲಿದೆ. ಶನಿವಾರ ಪುಟ ಕಟ್ಟುವ ಮುಂಚೆ ದಯವಿಟ್ಟು ನೀವೇ ಮತ್ತೆ ಕೇಳಿ, ಇದನ್ನೂ ಹೊಡೆದುಹಾಕಿ ಸರಿಯಾದದ್ದನ್ನು ಬರೆಯಿರಿ. ಎರಡನೆಯ ರಿಂಗಿಗೇ ಎತ್ತುತ್ತಾರೆ. ಲೈನ್ ಚೆನ್ನಾಗಿದೆ. ಬಹಳ ಚೆನ್ನಾಗಿದೆ.

ಇಗೋ ಸಾರ್, ತಗೊಳ್ಳಿ. ಫೈಲನ್ನೂ ಇಟ್ಟುಕೊಳ್ಳಿ, ನನಗೆ ಬೇಡ. ಫೋಟೋದವರು ಬೇಗ ತೆಗೆಯಿರಿ.

ಇನ್ನು ಮನೆಯಲ್ಲಿ ನಾನು ಓದದೆ ಉಳಿದದ್ದು ಅವಳದೇನೂ ಇಲ್ಲ. ಭಾನುವಾರ ಒಂಬತ್ತನೆಯ ಪುಟದಲ್ಲಿ ನಿಮ್ಮ ಜೊತೆಗೆ ನಾನೂ ಓದುತ್ತೇನೆ, ಎಲ್ಲ ಓದುಗರ ಹಾಗೆ. ಓದಿ ಸುಮ್ಮನೆ ಮಡಿಸಿಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ಮಡಿಸಿಡುವ ಕೆಲಸವನ್ನು ನಿಮ್ಮೆಲ್ಲರ ಪಾಲಿಗೂ ಸೇರಿಸಿ ನಾನೊಬ್ಬನೇ ಮಾಡಿಬಿಟ್ಟಿದ್ದೇನೆ.

ನನ್ನನ್ನು ಎರಡು ವರ್ಷ ನಂಬಿದ ಸಂಪಾದಕರಿಗೆ, ನಂಬದೆಯೂ ಸುಮ್ಮನಿದ್ದ ಉಪಸಂಪಾದಕಿಗೆ, ಊಟದಿಂದ ಎದ್ದು ಹೋದ ನನ್ನ ಮಗಳಿಗೆ, ಇಷ್ಟು ಹೊತ್ತು ಕೇಳಿದ ನಿಮಗೆ ನಾನು ಋಣಿ. ಆ ಜಗುಲಿಯ ಮೇಲೆ ಹೆತ್ತ ಎಂಬತ್ತಾರು ತಾಯಂದಿರಿಗೆ ಇಲ್ಲಿಂದಲೇ ಕೈ ಮುಗಿದು ಕ್ಷಮೆ ಕೇಳುತ್ತೇನೆ.

ನಮಸ್ಕಾರ.